ಗೋದಕ್ಕನ ಮಡಿಯೂ ಶನಿಯ ಚಂದ್ರನೂ

ಬಿಬವೇವಾಡಿಯ ಆ ಹಳೆಯ ಕಟ್ಟಡದಲ್ಲಿ ಗೋದಾವರಿಬಾಯಿ ಎಂದು ಹೆಸರು ಹೇಳಿ ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಸೋವಳೆ ಕಾಕೂ’ ಎಂದರೆ ಮಾತ್ರ ಕೆಳಗಿನ ಇಸ್ತ್ರಿ ಅಂಗಡಿಯವನಿಂದ ಹಿಡಿದು ಹಾಲಿನವನ ತನಕ ಎಲ್ಲರೂ ಎರಡನೆಯ ಮಹಡಿಯತ್ತ ಕೈ ತೋರಿಸುತ್ತಿದ್ದರು. ಸೋವಳೆ ಎಂದರೆ ಮರಾಠಿಯಲ್ಲಿ ಮಡಿ, ಕಾಕೂ ಎಂದರೆ ಚಿಕ್ಕಮ್ಮ. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದು ನಾಲ್ಕು ದಶಕ ಕಳೆದ ಮೇಲೆ ಪುಣೆ ಅವಳಿಗೆ ಕೊಟ್ಟ ಬಿರುದು ಅದೊಂದೇ. ಕನ್ನಡದವರ ಬಾಯಲ್ಲಿ ಗೋದಕ್ಕನಾಗಿದ್ದ ಅವಳು ಆ ಬಿರುದನ್ನು ಪದ್ಮಶ್ರೀ ಸಿಕ್ಕವರ ಹಾಗೆ ಧರಿಸಿಕೊಂಡೇ ಓಡಾಡುತ್ತಿದ್ದಳು.

ಮಡಿ ಎಂದರೆ ಸಾಮಾನ್ಯದ್ದಲ್ಲ. ಬೆಳಿಗ್ಗೆ ತಲೆಗೆ ನೀರು ಬಿದ್ದ ಮೇಲೆ ಅವಳು ಕೈಗೆ ಸಿಗುವ ಯಾವುದನ್ನೂ ಮುಟ್ಟುವಂತಿರಲಿಲ್ಲ. ಹಿಂದಿನ ದಿನ ಒಗೆದ ಸೀರೆ ಛಾವಣಿಗೆ ಕಟ್ಟಿದ ಗಳದ ಮೇಲೆ ಯಾರ ಕೈಗೂ ಎಟುಕದಂತೆ ಒಣಗಿರುತ್ತಿತ್ತು. ಅದನ್ನು ಕೋಲಿನಿಂದ ಇಳಿಸಿ ಉಟ್ಟು, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳೆಂದರೆ ನೈವೇದ್ಯ ಮುಗಿದು ತನ್ನ ಊಟವಾಗುವ ತನಕ ಅದು ಅವಳ ರಾಜ್ಯ. ಮೂಲೆಯಲ್ಲಿ ಮಣೆಯ ಮೇಲೆ ತಾಮ್ರದ ಕೊಡ, ಕೊಡದಲ್ಲಿ ಮಡಿ ನೀರು. ಆ ನೀರು ಖಡಕವಾಸಲಾ ಕೆರೆಯಿಂದ ಯಾವ ಯಾವ ಪೈಪಿನೊಳಗೆ, ಯಾರ ಯಾರ ಕೈ ದಾಟಿ ಬರುತ್ತದೆ ಎಂದು ಅವಳು ಕೇಳಿದವಳಲ್ಲ. ಗ್ಯಾಸ್ ಸಿಲಿಂಡರಿನ ಕುಲವನ್ನೂ ವಿಚಾರಿಸಿದವಳಲ್ಲ. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳುತ್ತಿದ್ದಳು. ಸಿಲಿಂಡರಿಗೆ ಸಿಕ್ಕ ಆ ರಿಯಾಯಿತಿ ಮನುಷ್ಯರಿಗೆ ಸಿಗುತ್ತಿರಲಿಲ್ಲ.

ಅವಳ ಗಂಡ ಬ್ಯಾಂಕಿನಲ್ಲಿ ಕಾರಕೂನನಾಗಿದ್ದು ತೀರಿಕೊಂಡ. ಒಬ್ಬನೇ ಮಗ ಶ್ರೀನಾಥ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅವನು ಮದುವೆಯಾಗುತ್ತೇನೆಂದು ಹೇಳಿದ ಹುಡುಗಿ ಶಾಲಿನಿ ಪುಣೆಯದೇ ಹಡಪಸರದವಳು, ಕನ್ನಡದವಳು, ಸೂಕ್ಷ್ಮಜೀವಿಗಳ ಶಾಸ್ತ್ರ ಓದಿದವಳು. ಅಲ್ಲಿಯ ತನಕ ಎಲ್ಲವೂ ಸರಿಯಿತ್ತು. ತಂದೆಯ ಹೆಸರೇನು ಎಂದು ಗೋದಕ್ಕ ಕೇಳಿದಳು. ಹುಲಿಗೆಪ್ಪ ಎಂದ ಶ್ರೀನಾಥ. ಕೊಪ್ಪಳದ ಕಡೆಯಿಂದ ಕರಣಿ ಹಿಡಿದುಕೊಂಡು ಬಂದು, ಹಡಪಸರದಲ್ಲಿ ಗೌಂಡಿ ಕೆಲಸ ಮಾಡುತ್ತ ಸಣ್ಣ ಗುತ್ತಿಗೆದಾರನಾದವನು. ಮುಂದೆ ಕುಲ ಕೇಳುವ ಅಗತ್ಯ ಗೋದಕ್ಕನಿಗೆ ಬೀಳಲಿಲ್ಲ.

ಅವಳು ಅತ್ತು ಕರೆದು ರಂಪ ಮಾಡಲಿಲ್ಲ, ಅದು ಅವಳ ಜಾಯಮಾನವಲ್ಲ. ಮದುವೆಗೆ ಬಂದಳು, ಅಕ್ಷತೆ ಹಾಕಿದಳು, ತನ್ನ ಪಾಟಲಿಯನ್ನು ಸೊಸೆಯ ಕೈಗೆ ತಾನೇ ತೊಡಿಸಿದಳು. ಮನೆ ತುಂಬಿಸಿಕೊಂಡ ಮರುದಿನ ಶಾಲಿನಿಯನ್ನು ಕೂರಿಸಿಕೊಂಡು, ನೀನು ನನ್ನ ಮಗಳಿದ್ದ ಹಾಗೆ, ಅಡುಗೆಮನೆಯೊಳಗೆ ಮಾತ್ರ ಬರಬೇಡ ಎಂದು ಮೆತ್ತಗೆ ಹೇಳಿದಳು. ಶಾಲಿನಿ ಆಗಲೆಂದು ತಲೆಯಾಡಿಸಿದಳು. ಬಾಲ್ಕನಿಯಲ್ಲಿ ಒಂದು ಇಂಡಕ್ಷನ್ ಒಲೆ ಬಂತು, ಎರಡು ಪಾತ್ರೆ ಬಂದವು, ಮಳೆಗಾಲದಲ್ಲಿ ಎರಚಲು ಬಾರದಂತೆ ಒಂದು ತಾಡಪಾಲು ಬಂತು. ಏಳು ವರ್ಷ ಹಾಗೇ ನಡೆಯಿತು. ಒಂದೇ ಒಂದು ಜಗಳವಾಗಲಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಆ ಮನೆಯಲ್ಲಿ ಮಾತೂ ಇರಲಿಲ್ಲ, ಒಲೆಗಳಂತೂ ಎರಡಿದ್ದವು.

ಗೋದಕ್ಕ ಕೆಟ್ಟವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಒಮ್ಮೆ ಶಾಲಿನಿಗೆ ಡೆಂಗೂ ಬಂದು ಮೈ ಕೆಂಡವಾದಾಗ, ಹಗಲೆಲ್ಲ ಪಕ್ಕದಲ್ಲಿ ಕುಳಿತು ಹಣೆಗೆ ತಣ್ಣೀರ ಬಟ್ಟೆ ಹಾಕಿದವಳು ಅವಳೇ. ಗಂಜಿ ಮಾಡಿ ಕುಡಿಸಿದವಳು ಅವಳೇ. ಗಂಜಿ ಮಾಡಲು ಒಳಗೆ ಹೋಗಬೇಕು, ಒಳಗೆ ಹೋಗಲು ಮಡಿಯಾಗಬೇಕು. ಆದ್ದರಿಂದ ಸೊಸೆಯನ್ನು ಮುಟ್ಟಿದಾಗಲೆಲ್ಲ ಎದ್ದು ಹೋಗಿ ಸ್ನಾನ ಮಾಡುತ್ತಿದ್ದಳು. ಒಂದು ಸಲ ಶಾಲಿನಿ ಕಣ್ಣು ಮುಚ್ಚಿಕೊಂಡೇ, ಎಷ್ಟು ಸಲ ಜಳಕ ಮಾಡುತ್ತೀರಿ, ನಿಮಗೂ ಥಂಡಿಯಾದೀತು ಎಂದಳು. ಜ್ವರದಲ್ಲೂ ತನ್ನ ಮೇಲೆ ಎಷ್ಟು ಕಾಳಜಿ ಎಂದು ಗೋದಕ್ಕನಿಗೆ ಹಿಗ್ಗಾಯಿತು. ಅದನ್ನು ಮಹಡಿಯ ಎಲ್ಲರಿಗೂ ಹೇಳಿಕೊಂಡು ಬಂದಳು.

ಹೀಗಿರುವಾಗ ಶ್ರೀನಾಥ ಕಾರ್ಖಾನೆಗೆ ಹತ್ತಿರವಾಗಲೆಂದು ತಳೇಗಾಂವ ದಾಭಾಡೆಯಲ್ಲಿ ಒಂದು ಹೊಸ ಫ್ಲ್ಯಾಟ್ ತೆಗೆದುಕೊಂಡ. ಬಿಬವೇವಾಡಿಯದು ಬಾಡಿಗೆ ಮನೆ, ಬಿಟ್ಟುಕೊಡುವುದೆಂದಾಯಿತು. ಗೋದಕ್ಕ ಮನೆ ನೋಡಲು ಹೋದಳು. ಬೆಳಕಿತ್ತು, ಗಾಳಿಯಿತ್ತು, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅಡುಗೆಮನೆ ಎಲ್ಲಿ ಎಂದು ಕೇಳಿದಳು. ನೀನು ನಿಂತದ್ದೇ ಅಡುಗೆಮನೆ ಎಂದ ಮಗ. ಅದಕ್ಕೆ ಗೋಡೆಯಿಲ್ಲ, ಹೊಸ್ತಿಲಿಲ್ಲ, ಬಾಗಿಲಂತೂ ಮೊದಲೇ ಇಲ್ಲ. ಸೋಫಾದ ಮೇಲೆ ಕುಳಿತವನು ಕೈ ಚಾಚಿದರೆ ಒಗ್ಗರಣೆಗೇ ಕೈ ಹಾಕಬಹುದು. ಈಗೆಲ್ಲ ಹೀಗೇ ಕಟ್ಟುತ್ತಾರೆ ಎಂದು ಶ್ರೀನಾಥ ಸಮಾಧಾನ ಹೇಳಿದ. ಗೋದಕ್ಕ ಅಲ್ಲೇ ನಿಂತು ತೀರ್ಪು ಕೊಟ್ಟಳು. ಇಲ್ಲೊಂದು ಗೋಡೆ ಬೇಕು, ಗೋಡೆಗೊಂದು ಬಾಗಿಲು ಬೇಕು. ಆಗದಿದ್ದರೆ ನೀವಿಬ್ಬರೂ ಇಲ್ಲಿರಿ, ನಾನು ವಿಜಾಪುರಕ್ಕೆ ತಮ್ಮನ ಮನೆಗೆ ಹೋಗುತ್ತೇನೆ.

ಶ್ರೀನಾಥನದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿಕೊಂಡು ಬಂದವನು. ಗೋಡೆ ಕಟ್ಟಿಸೋಣ ಎಂದುಬಿಟ್ಟ. ಆ ದಿನದಿಂದ ಶಾಲಿನಿಯ ಮಾತು ಬೇಕಾದಷ್ಟಕ್ಕೇ ನಿಂತಿತು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಕೆಲಸದಿಂದ ಬಂದು ಕೋಣೆ ಸೇರುತ್ತಿದ್ದಳು. ಗೋಡೆಯೆದ್ದರೆ ಸೊಸೆ ಆಚೆಗೆ ಉಳಿಯುತ್ತಾಳೆ, ಏಳದಿದ್ದರೆ ಮಡಿ ಹೋಗುತ್ತದೆ, ಹಟ ಮಾಡಿ ವಿಜಾಪುರಕ್ಕೆ ಹೋದರೆ ಮಗ, ಸೊಸೆ ಇಬ್ಬರೂ ಕೈಬಿಟ್ಟು ಹೋಗುತ್ತಾರೆ. ಗೋದಕ್ಕನಿಗೆ ಅದು ತಿಳಿಯದ್ದಲ್ಲ. ತಿಳಿದಿದ್ದರೂ ಪಟ್ಟು ಬಿಡುವುದು ಹೇಗೆಂದು ತಿಳಿದಿರಲಿಲ್ಲ.

ಆಗಲೇ ಆ ಭಾಷಣ ಬಂತು. ಬಿಬವೇವಾಡಿಯ ಕನ್ನಡ ಮಹಿಳಾ ಮಂಡಳದವರು, ನಿಮ್ಮ ಸೊಸೆ ಏನೋ ಆಕಾಶದ ಕೆಲಸ ಮಾಡುತ್ತಾಳಂತಲ್ಲ, ನಮಗೆಲ್ಲ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಲಿ ಎಂದು ಕೇಳಿದರು. ಗೋದಕ್ಕನಿಗೇ ಆಶ್ಚರ್ಯ. ಸೊಸೆ ಹಾಲು, ನೀರು ಪರೀಕ್ಷೆ ಮಾಡುವ ಕಡೆ ಇದ್ದಾಳೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಶಾಲಿನಿಗೆ ಬೇರೆಯದೇ ಕಷ್ಟ. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕೆಲಸ ಇಂಗ್ಲಿಷಿನಲ್ಲಿ, ಕನ್ನಡವೆಂದರೆ ಮನೆಯ ಮಾತು. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ತಡವರಿಸುತ್ತ ಕುಳಿತಿದ್ದಳು. ಗೋದಕ್ಕ ಎದುರಿಗೆ ಕುಳಿತು ಸಂಜೆಯ ಶನಿದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಓದಿ ಹೇಳು, ನಾನು ಕೇಳುತ್ತೇನೆ ಎಂದಳು. ಮಾತು ಕಡಿಮೆಯಾದ ಮನೆಯಲ್ಲಿ ಅದೊಂದು ನೆಪವೂ ಆಗಿತ್ತು.

ಶಾಲಿನಿ ಹೇಳತೊಡಗಿದಳು. ಗುರು, ಶನಿ ಬಹಳ ದೊಡ್ಡ ಗ್ರಹಗಳು. ನಮಗೆ ಒಬ್ಬ ಚಂದ್ರ, ಅವರಿಗೆ ಹತ್ತಾರು. ಗುರುವಿನ ಒಂದು ಚಂದ್ರನ ಹೆಸರು ಯುರೋಪಾ, ಮೇಲೆಲ್ಲ ಮಂಜುಗಡ್ಡೆ, ಕೆಳಗೆ ಸಮುದ್ರವಿರಬೇಕೆಂದು ಲೆಕ್ಕ. ಶನಿಯ ಒಂದು ಪುಟ್ಟ ಚಂದ್ರ ಎನ್ಸೆಲಡಸ್, ಅದರ ಮಂಜು ಬಿರಿದ ಕಡೆಯಿಂದ ಒಳಗಿನ ನೀರು ಕಾರಂಜಿಯ ಹಾಗೆ ಚಿಮ್ಮುತ್ತದೆ. ಅಲ್ಲಿಗೆ ಮನುಷ್ಯರು ಹೋಗಲಾರರು, ಯಂತ್ರಗಳು ಹೋಗುತ್ತವೆ. ಗುರುವಿನತ್ತ ಹೊರಟ ಯಂತ್ರ ಈಗಲೂ ದಾರಿಯಲ್ಲೇ ಇದೆ, ಮುಟ್ಟಲು ಇನ್ನೂ ವರ್ಷಗಳು ಬೇಕು. ಶನಿಗೂ ಸಂಸಾರವಿದೆ ಎಂದು ಕೇಳಿ ಗೋದಕ್ಕನಿಗೆ ಖುಷಿಯಾಯಿತು. ಅಷ್ಟು ದೊಡ್ಡ ಸಂಸಾರ ಕಟ್ಟಿಕೊಂಡವನು ಜನರ ಬೆನ್ನು ಹತ್ತಲು ಪುರುಸೊತ್ತು ಎಲ್ಲಿಂದ ಮಾಡಿಕೊಳ್ಳುತ್ತಾನೋ ಎಂದಳು.

ಮುಂದೆ ಶಾಲಿನಿ ಒಂದು ಮಾತಿಗೆ ತಡೆದು ನಿಂತಳು. ಅವಳ ಪ್ರಯೋಗಾಲಯದ ಕೆಲಸ ಬರುವುದು ಅಲ್ಲೇ. ಇಂಥ ಯಂತ್ರ ಕಟ್ಟುವ ಕೋಣೆಗಳಲ್ಲಿ ಎಷ್ಟು ಒರೆಸಿದರೂ, ಎಷ್ಟು ಕಾಯಿಸಿದರೂ ಸಾಯದೆ ಉಳಿಯುವ ಕೆಲವು ಸೂಕ್ಷ್ಮಜೀವಿಗಳಿರುತ್ತವೆ. ಅವು ಯಾವುವು, ಹೇಗೆ ಬದುಕುತ್ತವೆ ಎಂದು ನೋಡುವವಳು ಅವಳು. ಆ ಕೋಣೆಯ ಶುಚಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ತೊಡಕು. ಅಂಥಾದ್ದೇನು ಮಾಡುತ್ತಾರೆ ಎಂದು ಗೋದಕ್ಕ ಕೇಳಿದಳು. ಹೊರಗಿನ ಬಟ್ಟೆ ಹೊರಗೇ ಬಿಡಬೇಕು ಎಂದಳು ಶಾಲಿನಿ. ತಲೆಯಿಂದ ಕಾಲಿನ ತನಕ ಬೇರೆ ಬಟ್ಟೆ ತೊಡಬೇಕು. ಬರಿಗೈಯಲ್ಲಿ ಏನನ್ನೂ ಮುಟ್ಟುವಂತಿಲ್ಲ. ತಪ್ಪಿ ಏನಾದರೂ ತಾಕಿದರೆ ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು. ಬಾಯಿಗೂ ಬಟ್ಟೆ ಕಟ್ಟಿಕೊಂಡಿರಬೇಕು.

ಗೋದಕ್ಕನ ಮುಖ ಊರಗಲವಾಯಿತು.

“ಅದಕ್ಕ ಮಡಿ ಅಂತಾರ. ಇಷ್ಟಕ್ಕ ಹೊತ್ತ ಕಳೀತಿದ್ದೇನು? ಬರಕೋ, ಮಡಿ.”

ಶಾಲಿನಿ ಬಹಳ ದಿನಗಳ ಮೇಲೆ ನಕ್ಕಳು, ಬರೆದುಕೊಂಡಳು. ಗೋದಕ್ಕನ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಗಾಳಿ ಸೋಕಬಹುದೇ? ಶೋಧಿಸಿದ ಗಾಳಿ ಮಾತ್ರ. ಕೂದಲು? ಒಂದೆಳೆಯೂ ಹೊರಗೆ ಕಾಣಬಾರದು. ತಾನು ಬಾಯಿ ಬಿಟ್ಟುಕೊಂಡೇ ಮಡಿ ಮಾಡುತ್ತೇನೆ, ಅವರದು ತನಗಿಂತ ಒಂದು ಕೈ ಮೇಲೇ ಎಂದು ಅವಳು ಒಪ್ಪಿಕೊಂಡಳು. ಜೀವಮಾನದಲ್ಲಿ ಮಡಿಯ ವಿಷಯಕ್ಕೆ ಯಾರಿಗಾದರೂ ಸೋತದ್ದು ಅದೇ ಮೊದಲು. ಸೋತರೂ ಸಂತೋಷವಾಗಿತ್ತು. ಲೋಕವೆಲ್ಲ ಬಿಟ್ಟುಬಿಟ್ಟ ಮಡಿಯನ್ನು ಅಷ್ಟು ಓದಿದವರು ಹಿಡಿದುಕೊಂಡಿದ್ದಾರಲ್ಲ ಎಂಬ ಸಂತೋಷ.

ಶಾಲಿನಿ ಮುಂದುವರಿಸಿದಳು. ಬಹಳ ವರ್ಷ ಶನಿಯ ಸುತ್ತ ಸುತ್ತಿದ ಒಂದು ಯಂತ್ರವಿತ್ತು. ಆ ಕಾರಂಜಿಯನ್ನು ಕಂಡದ್ದು ಅದೇ. ಅದರ ಇಂಧನ ಮುಗಿಯುತ್ತ ಬಂತು. ಹಾಗೇ ಬಿಟ್ಟರೆ ಎಂದಾದರೊಂದು ದಿನ ದಿಕ್ಕು ತಪ್ಪಿ ಆ ಪುಟ್ಟ ಚಂದ್ರನ ಮೇಲೆ ಬಿದ್ದೀತು; ಅದರ ಮೈಗೆ ನಮ್ಮ ಭೂಮಿಯ ಯಾವುದಾದರೂ ಸೂಕ್ಷ್ಮಜೀವಿ ಅಂಟಿಕೊಂಡು ಉಳಿದಿದ್ದರೆ ಆ ನೀರಿಗೆ ಸೇರೀತು. ಅದಕ್ಕಾಗಿ ಆ ಯಂತ್ರವನ್ನು ಬೇಕೆಂದೇ ಶನಿಯೊಳಗೆ ನುಗ್ಗಿಸಿ ಸುಟ್ಟುಬಿಟ್ಟರು. ಗುರುವಿನ ಹತ್ತಿರ ಇದ್ದ ಮೊದಲಿನ ಒಂದು ಯಂತ್ರಕ್ಕೂ ಹಾಗೇ ಮಾಡಿದ್ದರು.

ಬತ್ತಿ ಹೊಸೆಯುವ ಕೈ ನಿಂತಿತು. ಅಲ್ಲಿ ಜನ ಇದ್ದಾರೇನು ಎಂದು ಗೋದಕ್ಕ ಕೇಳಿದಳು. ಜನವಿಲ್ಲ, ಇದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಅದೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಯಾರೂ ನೋಡಿಲ್ಲ ಎಂದಳು ಶಾಲಿನಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗಾಯಿತಲ್ಲ ಎಂದು ಗೋದಕ್ಕ ನಕ್ಕಳು. ಆದರೆ ಮಡಿಯ ವಿಷಯ ಬಂದರೆ ಅರ್ಧಕ್ಕೆ ಬಿಡುವವಳಲ್ಲ. ತನಗೆ ತಿಳಿದ ಹಾಗೆ ಲೆಕ್ಕ ಹಾಕಿ ಕೇಳಿದಳು.

“ಆ ಹುಳದ ಮೈಲಿಗಿ ನಮಗ ತಟ್ಟಬಾರದು ಅಂತ ಇಷ್ಟೆಲ್ಲಾ ಮಾಡತಾರೇನು?”

“ಅಲ್ರಿ ಅತ್ತ್ಯಾರ,” ಶಾಲಿನಿ ಬರೆಯುತ್ತಿದ್ದ ಕಡೆಯಿಂದ ತಲೆ ಎತ್ತಲಿಲ್ಲ. “ಮೈಲಿಗಿ ನಾವು. ನಮ್ಮಿಂದ ಅದಕ್ಕ ತಟ್ಟಬಾರದು ಅಂತ. ಅದರ ಮನಿಗೆ ಹೋಗೋರು ನಾವಲ್ರಿ?”

ಹೇಳಿದವಳಿಗೆ ಅದು ಅವಳ ಕೆಲಸದ ಮಾತು, ಅಷ್ಟೇ. ಅವಳು ಮುಂದಿನ ಸಾಲಿಗೆ ಹೋದಳು. ಗೋದಕ್ಕ ಅಲ್ಲೇ ಉಳಿದಳು. ಸಂಜೆ ಗುಡಿಯಲ್ಲಿ ಎಳ್ಳೆಣ್ಣೆಯ ದೀಪ ಹಚ್ಚುವಾಗಲೂ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮಡಿ ಎಂದರೆ ತಾನು ಚೊಕ್ಕ, ಆಚೆಯವರು ಮೈಲಿಗೆ. ಇದನ್ನು ಅವಳಿಗೆ ಅವಳ ಅಜ್ಜಿ ಹೇಳಿದ್ದಳು, ಅಜ್ಜಿಗೆ ಅವಳ ಅಜ್ಜಿ. ಮಡಿಯಾಗುವವನೇ ತನ್ನನ್ನು ಮೈಲಿಗೆ ಎಂದುಕೊಳ್ಳುವುದನ್ನು ಅವಳು ಎಲ್ಲೂ ಕೇಳಿರಲಿಲ್ಲ. ಇದೆಯೋ ಇಲ್ಲವೋ ಗೊತ್ತಿಲ್ಲದ ಹುಳಕ್ಕಾಗಿ ಲಕ್ಷಣವಾಗಿ ನಡೆಯುತ್ತಿದ್ದ ಯಂತ್ರವನ್ನೇ ಸುಟ್ಟರು. ತನ್ನ ಮನೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಒಬ್ಬಳು ಏಳು ವರ್ಷದಿಂದ ಬಾಲ್ಕನಿಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದಾಳೆ. ದಿನಾ ಸ್ನಾನ ಮಾಡಿ, ಪ್ರಯೋಗಾಲಯದಲ್ಲಿ ಇನ್ನಷ್ಟು ತೊಳೆದುಕೊಂಡು ಬರುವವಳು. ಅಲ್ಲಿ ತೊಳೆದುಕೊಂಡವರನ್ನು ಒಳಗೆ ಬಿಡುತ್ತಾರೆ. ಇಲ್ಲಿ ಎಷ್ಟು ತೊಳೆದರೂ ಬಿಟ್ಟಿರಲಿಲ್ಲ. ಎಷ್ಟು ಸಲ ಜಳಕ ಮಾಡುತ್ತೀರಿ ಎಂಬ ಜ್ವರದ ಮಾತು ಆಗ ನೆನಪಿಗೆ ಬಂತು. ಅದು ಕಾಳಜಿಯ ಮಾತಾಗಿರಲಿಲ್ಲ ಎಂದು ಗೋದಕ್ಕನಿಗೆ ಶನಿಯ ಗುಡಿಯ ಮೆಟ್ಟಿಲ ಮೇಲೆ ತಿಳಿಯಿತು. ಬಹಳ ನಾಚಿಕೆಯಾಯಿತು. ಪ್ರದಕ್ಷಿಣೆ ಹಾಕುವುದನ್ನೂ ಮರೆತು ಮನೆಗೆ ಬಂದಳು.

ನಾಚಿಕೆಯಾದ ಮಾತ್ರಕ್ಕೆ ಮನುಷ್ಯರು ಬದಲಾಗುವುದಿಲ್ಲ. ಮರುದಿನವೂ ಗಳದಿಂದ ಸೀರೆ ಇಳಿಯಿತು, ಬಾಗಿಲು ಮುಂದಾಯಿತು. ಭಾಷಣದ ದಿನ ಮಂಡಳದ ಮುಂದಿನ ಸಾಲಿನಲ್ಲಿ ಗೋದಕ್ಕ ಕುಳಿತಿದ್ದಳು. ಇದಕ್ಕೆ ಮಡಿ ಎಂಬ ಹೆಸರು ಕೊಟ್ಟವರು ನಮ್ಮ ಅತ್ತೆಯವರು ಎಂದು ಶಾಲಿನಿ ಹೇಳಿದಾಗ ಎಲ್ಲರೂ ಇವಳತ್ತ ತಿರುಗಿ ಚಪ್ಪಾಳೆ ತಟ್ಟಿದರು. ಬೇರೆ ದಿನವಾಗಿದ್ದರೆ ಅವಳು ಎದ್ದು ನಿಂತು ಎರಡು ಮಾತು ತಾನೂ ಆಡುತ್ತಿದ್ದಳು. ಚಹಾದ ಹೊತ್ತಿಗೆ, ಮೈಸೂರಿನ ಕಡೆಯ ಕಾಮಾಕ್ಷಮ್ಮ ಎಂಬಾಕೆ ಪಕ್ಕದಲ್ಲಿ ಬಂದು ಕುಳಿತು ಸೊಸೆಯನ್ನು ಬಾಯ್ತುಂಬ ಹೊಗಳಿದಳು. ಇಷ್ಟು ಶುಚಿ ಗೊತ್ತಿರುವ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು, ಮನೆಯಲ್ಲಿ ಅಡುಗೆಯೆಲ್ಲ ಅವಳದೇ ಇರಬೇಕಲ್ಲ ಎಂದು ಕೇಳಿದಳು. ಗೋದಕ್ಕ ಚಹಾ ಬಿಸಿಯಿದೆ ಎಂದಳು.

ಮುಂದಿನ ಭಾನುವಾರ ಗೋಡೆಯ ಅಳತೆ ತೆಗೆಯಲು ಎಲ್ಲರೂ ತಳೇಗಾಂವಕ್ಕೆ ಹೋದರು. ಹೊರಗಿನ ಗೌಂಡಿಗಳು ಇಷ್ಟು ಸಣ್ಣ ಕೆಲಸಕ್ಕೆ ಬರುವುದಿಲ್ಲವೆಂದು ಶ್ರೀನಾಥ ಮಾವನಿಗೇ ಹೇಳಿದ್ದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಳಿಯ ಕೇಳಿದ, ಮಾವ ಒಪ್ಪಿದ. ಹುಲಿಗೆಪ್ಪ ಹಡಪಸರದಿಂದ ಬಸ್ಸು, ಲೋಕಲ್ ರೈಲು ಹಿಡಿದು ಇವರಿಗಿಂತ ಮೊದಲೇ ಬಂದು ಕಾಯುತ್ತಿದ್ದ. ಎತ್ತರದ ಆಳು, ತಲೆ ನೆರೆತಿತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗೋದಕ್ಕನನ್ನು ಕಂಡು ದೂರದಿಂದಲೇ ನಮಸ್ಕಾರ ಮಾಡಿದ. ಮದುವೆಯಾದಾಗಿನಿಂದ ಅವಳು ಅವನೊಂದಿಗೆ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಬೀಗರ ಎಂದಂತೂ ಒಮ್ಮೆಯೂ ಕರೆದಿರಲಿಲ್ಲ.

ಹುಲಿಗೆಪ್ಪ ಟೇಪು ಬಿಚ್ಚಿ, ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೆರೆ ಎಳೆದ. ಗೆರೆಯ ಈಚೆ ಸೋಫಾ ಬರುವ ಜಾಗ, ಆಚೆ ಒಲೆಯ ಕಟ್ಟೆ. ಶಾಲಿನಿ ಕಿಟಕಿಯ ಹತ್ತಿರ ನಿಂತು ಗುಡ್ಡ ನೋಡುತ್ತಿದ್ದಳು. ತನ್ನ ಮಗಳನ್ನು ಆಚೆ ಇಡುವ ಗೋಡೆ ಇದು ಎಂದು ಹುಲಿಗೆಪ್ಪನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇಂಥ ಗೋಡೆಗಳ ಊರು ಬಿಟ್ಟು ಬಂದವನಿಗೆ ಅಷ್ಟು ತಿಳಿಯದಿರುತ್ತದೆಯೇ? ಆದರೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಕೆಲಸದವನು ಕೆಲಸ ಕೇಳುವ ಹಾಗೆ ಕೇಳಿದ, ಬಾಗಿಲು ಒಳಗೆ ತೆರೆಯಬೇಕೋ, ಹೊರಗೆ ತೆರೆಯಬೇಕೋ. ಗೋದಕ್ಕ ನೆಲದ ಗೆರೆಯನ್ನೇ ನೋಡುತ್ತಿದ್ದಳು. ಅವನು ಗೋಡೆಯ ಎತ್ತರಕ್ಕೆ ಬಂದ.

“ಛತ್ತಿನ ತನಕ ಏರಸಬೇಕೇನ್ರಿ ಬಾಯಾರ? ಎದಿಮಟ ಕಟ್ಟಿದ್ರ ಆಚಿಗೆ ಈಚಿಗೆ ಮಾತಾಡಾಕ ಬರತೈತ್ರಿ. ಅಡಗಿ ಹೊತ್ತಿಗೆ ಇಬ್ಬರಽ ಇರತೀರಿ, ಬ್ಯಾಸರಾಗತೈತಿ.”

ಶ್ರೀನಾಥ ಬಾಟಲಿಯಿಂದ ಕಾಗದದ ಲೋಟಗಳಿಗೆ ನೀರು ಬಗ್ಗಿಸಿ ಎಲ್ಲರಿಗೂ ಕೊಟ್ಟ. ಹುಲಿಗೆಪ್ಪ ಬೇಡವೆಂದು ಕೈ ಆಡಿಸಿ ತನ್ನ ಚೀಲದಿಂದ ತನ್ನದೇ ನೀರಿನ ಬಾಟಲಿ ತೆಗೆದ. ಗೋಡೆಯತ್ತ ತಿರುಗಿ ನಿಂತು, ಯಾರಿಗೂ ತೊಂದರೆಯಾಗದಂತೆ, ಎತ್ತಿ ಕುಡಿದ. ಬಿಬವೇವಾಡಿಯ ಮನೆಗೂ ಅವನು ಹಾಗೇ ಬರುತ್ತಿದ್ದ. ದೀಪಾವಳಿಗೆ ಮಗಳನ್ನು ಕರೆಯಲು ಬಂದಾಗಲೂ, ಜ್ವರ ನೋಡಲು ಬಂದಾಗಲೂ ಬಗಲಲ್ಲಿ ತನ್ನ ನೀರು. ಚಪ್ಪಲಿ ಕೆಳಗಿನ ಮಹಡಿಯಲ್ಲೇ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತು ಎದ್ದು ಹೋಗುತ್ತಿದ್ದ. ಮನುಷ್ಯ ತಿಳಿದವನು, ತನ್ನ ಮಡಿಗೆ ಅಡ್ಡ ಬರುವುದಿಲ್ಲ ಎಂದು ಗೋದಕ್ಕ ಆಗ ಮೆಚ್ಚಿಕೊಂಡಿದ್ದಳು. ಮತ್ತೊಬ್ಬರ ಮನೆಗೆ ಹೋಗುವಾಗ ತನ್ನನ್ನು ತೊಳೆದುಕೊಂಡು, ಏನನ್ನೂ ಮುಟ್ಟದೆ, ತನ್ನ ಗುರುತು ಬಿಡದೆ ಬರುತ್ತಿದ್ದ ಈ ಮನುಷ್ಯನೇ ಇಷ್ಟು ವರ್ಷ ಆ ಮನೆಯಲ್ಲಿ ನಿಜವಾದ ಮಡಿ ಮಾಡಿದವನು. ಬಾಗಿಲು ಹಾಕಿಕೊಂಡು ಒಳಗೆ ಕುಳಿತ ತಾನಲ್ಲ. ಇದು ಅವಳಿಗೆ ಆ ಸೀಮೆಸುಣ್ಣದ ಗೆರೆಯ ಮುಂದೆ ನಿಂತಾಗ ಸ್ಪಷ್ಟವಾಯಿತು, ಅನುಮಾನವೇ ಉಳಿಯಲಿಲ್ಲ.

“ಬೀಗರ,” ಎಂದಳು. “ಗ್ವಾಡಿ ಬ್ಯಾಡ್ರಿ.”

ಹುಲಿಗೆಪ್ಪ ಬಾಟಲಿಯ ಮುಚ್ಚಳ ಹಾಕುತ್ತಿದ್ದವನು ನಿಂತ. ಎದೆಮಟ್ಟದ್ದೂ ಬೇಡವೇ ಎಂದು ಶ್ರೀನಾಥ ಕೇಳಿದ. ಎದೆಮಟ್ಟದ್ದೂ ಬೇಡ, ಮೊಳಕಾಲುಮಟ್ಟದ್ದೂ ಬೇಡ ಎಂದಳು ಗೋದಕ್ಕ. ಹುಲಿಗೆಪ್ಪ ಅವಳನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ಬೇಡವೆಂದರೆ ಬೇಡ, ಇಟ್ಟಿಗೆ ಇನ್ನೂ ಹೇಳಿರಲಿಲ್ಲ ಎಂದು ಹೇಳಿ, ಬಗ್ಗಿ ಅಂಗೈಯಿಂದ ನೆಲದ ಗೆರೆಯನ್ನು ಒರೆಸಿದ.

ಶಾಲಿನಿ ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಏಳು ವರ್ಷದ್ದು ಒಂದು ಮಾತಿಗೆ ಹೋಗುವಂಥದ್ದಲ್ಲ. ಹಿಂತಿರುಗುವಾಗ ಕಾರಿನಲ್ಲಿ ಅತ್ತೆಯ ಪಕ್ಕದಲ್ಲೇ ಕುಳಿತಳು. ದೇಹೂರಸ್ತೆ ದಾಟಿದ ಮೇಲೆ, ನಿಮ್ಮ ಮಡಿಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಗೋದಕ್ಕ. ಅದು ನಿಜವಾಗಿತ್ತು. ಮುಂದೇನು ಎಂದು ಅವಳಿಗೆ ಗೊತ್ತಿರಲಿಲ್ಲ. ನೋಡೋಣ ಎಂದಳು ಶಾಲಿನಿ.

ಮನೆ ತುಂಬುವ ದಿನ ಹಾಲು ಉಕ್ಕಿಸುವ ಶಾಸ್ತ್ರವಿತ್ತು. ಗೋದಕ್ಕ ಬೆಳಿಗ್ಗೆ ಎದ್ದು ಎಂದಿನ ಹಾಗೆ ತಲೆಗೆ ನೀರು ಹಾಕಿಕೊಂಡಳು, ಮಡಿ ಸೀರೆ ಉಟ್ಟಳು. ಅದೇನೂ ಬಿಟ್ಟುಹೋಗಿರಲಿಲ್ಲ, ಬಿಡುವುದು ಅವಳಿಂದ ಆಗುವಂಥದ್ದೂ ಅಲ್ಲ. ಹೊರಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ತೋರಣ ಸರಿಮಾಡಿ ಒಳಗೆ ಬಂದಳು. ಶಾಲಿನಿ ಆಗಲೇ ಒಲೆಯ ಮೇಲೆ ಹಾಲಿಟ್ಟಿದ್ದಳು. ಹುಲಿಗೆಪ್ಪ ಸೋಫಾದ ತುದಿಯಲ್ಲಿ ಕುಳಿತಿದ್ದ, ಶ್ರೀನಾಥ ಯಾರಿಗೋ ಫೋನು ಮಾಡುತ್ತಿದ್ದ. ಗೋದಕ್ಕ ಗೆರೆಯಿದ್ದ ಜಾಗಕ್ಕೆ ಬಂದು ನಿಂತಳು. ಅಲ್ಲಿ ಬಾಗಿಲಿರಲಿಲ್ಲ, ಹೊಸ್ತಿಲಿರಲಿಲ್ಲ, ಸುಮ್ಮನೆ ನಡೆದು ಹೋಗಬಹುದಾಗಿತ್ತು. ಆದರೆ ಈ ಅಡುಗೆಮನೆಯಲ್ಲಿ ಮೊದಲು ಒಲೆ ಹಚ್ಚಿದವಳು ಸೊಸೆ. ಈಗ ಅವಳ ಮನೆಗೆ ಹೋಗುವವಳು ತಾನು.

“ಶಾಲಿನಿ, ಒಳಗ ಬರಲೇನವಾ?”

ಶಾಲಿನಿ ತಿರುಗಿ ನೋಡಿದಳು. ಅವಳ ಕಣ್ಣು ಅತ್ತೆಯ ಅರಿಶಿನದ ಕೈಗಳ ಮೇಲೆ ಬಿತ್ತು. ಬಾಯಿಗೆ ಬಂದದ್ದು ದಿನಾ ಪ್ರಯೋಗಾಲಯದ ಬಾಗಿಲಲ್ಲಿ ಎಲ್ಲರನ್ನೂ ಕೇಳುವ ಮಾತು.

“ಕೈ ತೊಳಕೊಂಡೀರೇನ್ರಿ?”

ಹುಲಿಗೆಪ್ಪ ಗಾಬರಿಯಿಂದ ಎದ್ದು ನಿಂತ. ಶ್ರೀನಾಥನ ಫೋನು ಕಿವಿಯಿಂದ ಕೆಳಗಿಳಿಯಿತು. ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದ ಸೋವಳೆ ಕಾಕೂವಿಗೆ ಜೀವಮಾನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೋದಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಬೇಸಿನ್ನಿನ ಹತ್ತಿರ ಹೋದಳು. ಸಾಬೂನು ಹಚ್ಚಿ, ಬೆರಳ ಸಂದಿಗಳನ್ನೂ ತಿಕ್ಕಿ ತೊಳೆದುಕೊಂಡು ಬಂದು, ಪ್ರಾರ್ಥನೆಯ ಸಾಲಿನಲ್ಲಿ ಉಗುರು ತೋರಿಸುವ ಶಾಲೆಯ ಹುಡುಗಿಯಂತೆ ಎರಡೂ ಅಂಗೈ ಮುಂದೆ ಹಿಡಿದಳು.

ಬರ್ರಿ ಎಂದಳು ಶಾಲಿನಿ. ಸೌಟನ್ನು ಅತ್ತೆಯ ಕೈಗೆ ಕೊಟ್ಟಳು. ಕೊಡುವಾಗ ಇಬ್ಬರ ಬೆರಳುಗಳು ತಾಕಿದವು. ಶಾಲಿನಿ ಸರಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡಳು, ಅವಳ ಕಣ್ಣು ತಾನಾಗಿಯೇ ಬಚ್ಚಲಿನ ಬಾಗಿಲ ಕಡೆ ಹೋಯಿತು. ಆ ನೋಟವನ್ನು ಗೋದಕ್ಕ ಕಂಡಳು. ಇಷ್ಟು ವರ್ಷ ಹಾಸಿಗೆಯಲ್ಲಿ, ಬಾಲ್ಕನಿಯಲ್ಲಿ, ಕೋಣೆಯಲ್ಲಿ ಕುಳಿತು ಸೊಸೆ ತನ್ನ ಜಳಕದ ನೀರಿನ ಸದ್ದಿಗೆ ಹೇಗೆ ಕಿವಿಗೊಟ್ಟಿರಬೇಕೆಂದು ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಸಂಕಟವಾಯಿತು. ಸೌಟನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಸೊಸೆಯ ಮುಂಗೈ ಹಿಡಿದುಕೊಂಡಳು.

“ನಂದು ಜಳಕಾ ಆಗೇದ. ಇನ್ನ ನಾಳೆ.”

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಒರೆಸುವ ಬಟ್ಟೆ ಎಲ್ಲಿದೆ ಎಂದು ಗೋದಕ್ಕ ಸೊಸೆಯನ್ನು ಕೇಳಿದಳು.